ಬುಧವಾರದ ಹಾಜರಿ

ಮೆರ್ಬಾವ್ ಪಟ್ಟಣ
೧೨ ಜನವರಿ ೧೯೯೮

ಪ್ರಿಯ ಡನ್‌ಸ್ಟನ್,

ಲಕೋಟೆಯ ಮೇಲೆ ನನ್ನ ಅಕ್ಷರ ಕಂಡರೆ ಒಡೆಯದೆಯೇ ಒಲೆಗೆ ಹಾಕಿಬಿಟ್ಟೀಯ ಎಂದು ಹೆದರಿ ವಿಳಾಸವನ್ನು ಹೆಂಡತಿಯ ಕೈಯಲ್ಲಿ ಬರೆಸಿದ್ದೇನೆ. ಇಲ್ಲಿಯವರೆಗೆ ಓದಿದ್ದರೆ ದಯವಿಟ್ಟು ಇನ್ನೂ ಒಂದು ಪುಟ ಓದು.

ಈ ಆಗಸ್ಟ್‌ಗೆ ಆಂಗ್ಲಿಕನ್ ಮಿಷನ್ನಿನ ನಮ್ಮ ಸಂತ ಕಥ್‌ಬರ್ಟ್ ಶಾಲೆಗೆ ನೂರಿಪ್ಪತ್ತೈದು ತುಂಬುತ್ತದೆ. ನಾನು ಹೆಡ್ಮಾಸ್ತರನಾಗಿ ನಿವೃತ್ತನಾದ ಮೇಲೆ ಕೈ ಖಾಲಿ ಇದೆಯೆಂದು ಚರಿತ್ರೆ ಬರೆಯುವ ಕೆಲಸವನ್ನು ಸಮಿತಿಯವರು ನನ್ನ ಕೊರಳಿಗೆ ಕಟ್ಟಿದ್ದಾರೆ. ಓಲೆಗರಿಯ ಕೊಟ್ಟಿಗೆ, ಏಳು ಹುಡುಗರು, ಒಂಬತ್ತೇ ತಿಂಗಳಿಗೆ ವಾಂತಿಭೇದಿಯಿಂದ ಸತ್ತ ಮೊದಲ ಪಾದ್ರಿ, ಇಷ್ಟೆಲ್ಲ ಬರೆದಾಯಿತು. ಜಪಾನಿಯರು ಚಾಪೆಲ್‌ನಲ್ಲಿ ಅಕ್ಕಿ ಮೂಟೆ ಪೇರಿಸಿದ್ದು, ಅಗಸ ಅಹ್ ಕಿಮ್ ಗಂಟೆಯನ್ನು ಇಳಿಸಿ ಹೊಳೆಯ ಕೆಸರಿನಲ್ಲಿ ಹೂತು ಕಾಪಾಡಿದ್ದು, ಅದೂ ಆಯಿತು. ಈಗ ಐವತ್ತರ ದಶಕಕ್ಕೆ ಬಂದಿದ್ದೇನೆ. ಊರಿಗೆ ಊರೇ ಒಂದೇ ಸೂರಿನಡಿ ಇರುವ ಮೇಲ್ಹೊಳೆಯ ಉದ್ದಮನೆಗಳಿಂದ ಬಂದು ಹಾಸ್ಟೆಲಿನಲ್ಲಿದ್ದ ನಿಮ್ಮ ಇಬಾನ್ ಜನದ ಹುಡುಗರ ನೆನಪು ಬರೆದುಕೊಡಬಲ್ಲವರಲ್ಲಿ ಈಗ ನೀನೊಬ್ಬನೇ ಉಳಿದಿರುವುದು. ಊಟ, ಆಟ, ಕೀಟಲೆ, ಏನಾದರೂ ಸರಿ. ನಾಲ್ಕು ಪುಟ ಸಾಕು.

ನೂರನೇ ವರ್ಷದ ಊಟದ ದಿನ ನಡೆದದ್ದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಡ. ಆಗ ಇಬ್ಬರಿಗೂ ಬಿಸಿರಕ್ತ.

ನಿನ್ನ,
ವಿಕ್ಟರ್ ಲ್ಯೂ


ನಂಗಾ ಸೆಲಾವ್ ಬಜಾರು
೨ ಫೆಬ್ರವರಿ ೧೯೯೮

ಲ್ಯೂ,

ಒಲೆಗೆ ಹಾಕಲಿಲ್ಲ. ಒಲೆಗೂ ಒಂದು ಮರ್ಯಾದೆ ಇದೆ.

ಊಟ, ಆಟ, ಕೀಟಲೆ ಬೇಕೆಂದೆಯಲ್ಲ, ತಗೋ. ಊಟಕ್ಕೆ ಒಣಮೀನು. ಆಟಕ್ಕೆ ಫುಟ್‌ಬಾಲ್. ಕೀಟಲೆಯೆಂದರೆ, ೧೯೫೮ರ ಆಗಸ್ಟ್‌ನಲ್ಲಿ ಎರಡು ರಾತ್ರಿ ನೀನು ಹಾಸ್ಟೆಲಿನ ಹಾಜರಿಯಲ್ಲಿ ಲಾಂತಿಂಗನ ಹೆಸರು ಕೂಗಿದೆ, ಅವನು ಅಲ್ಲಿರಲಿಲ್ಲ, ಕತ್ತಲ ಜಗಲಿಯ ಕೊನೆಯಲ್ಲಿ ನಿಂತು ಅವನ ಬದಲು ಸಣ್ಣ ದನಿ ಮಾಡಿ ‘ಅಡ್ಸುಮ್’ ಎಂದು ಲ್ಯಾಟಿನ್ನಿನಲ್ಲಿ ಓಗೊಟ್ಟವನು ನಾನು. ನಿನಗೆ ಹದಿನೇಳು, ನನಗೆ ಹದಿನಾಲ್ಕು, ಅವನಿಗೆ ಹನ್ನೆರಡು. ಇದನ್ನು ಯಾವ ಅಧ್ಯಾಯಕ್ಕೆ ಹಾಕುತ್ತೀಯ?

ಬಿಸಿರಕ್ತವಂತೆ! ಆ ಊಟದ ದಿನ ನಾನು ಕುಡಿದಿದ್ದೆ, ನಿಜ. ಆದರೆ ಕೇಳಿದ್ದು ಒಂದೇ ಮಾತು, "ಲಾಂತಿಂಗನ ವಿಷಯ ಯಾರಾದ್ರೂ ಎತ್ತುತ್ತೀರಾ?" ಅಂತ. ನೀನು ಇಬ್ಬರು ಮೇಷ್ಟರ ಕೈಲಿ ನನ್ನ ರಟ್ಟೆ ಹಿಡಿಸಿ ಹೊರಗೆ ಹಾಕಿಸಿದೆ. ಬಿಷಪ್ಪರು ಕೋಳಿ ತಿನ್ನುತ್ತಿದ್ದರು, ಅವರ ಊಟ ಕೆಡಬಾರದಲ್ಲ.

ನಾನು ಸರ್ಕಾರಿ ಆಸ್ಪತ್ರೆಯ ಕಂಪೌಂಡರ್ ಆಗಿ ಮೂವತ್ತು ವರ್ಷ ಈ ಹೊಳೆಯ ಮೇಲೆ ಓಡಾಡಿದವನು. ಲಾಂತಿಂಗನ ಉದ್ದಮನೆಗೆ ತಿಂಗಳಿಗೊಮ್ಮೆ ಹೋಗುತ್ತಿದ್ದೆ, ಈಗಲೂ ಹೋಗುತ್ತೇನೆ. ಅವನ ತಾಯಿ ಇನ್ನೂ ಇದ್ದಾಳೆ. ನಮ್ಮಲ್ಲಿ ಹೆತ್ತವಳನ್ನು ಮೊದಲ ಮಗುವಿನ ಹೆಸರು ಹಿಡಿದೇ ಕರೆಯುವುದು, ಹಾಗಾಗಿ ಊರಿಗೆಲ್ಲ ಅವಳು ಇಂದಾಯ್ ಲಾಂತಿಂಗ್, ಲಾಂತಿಂಗನ ಅಮ್ಮ. ಅವಳ ಮಂಡಿಗೆ ಮುಲಾಮು ಹಚ್ಚಿದ್ದೇನೆ, ಅವಳು ಕೊಟ್ಟ ಅನ್ನ ಉಂಡಿದ್ದೇನೆ, ಬಾಯಿ ಮಾತ್ರ ಬಿಟ್ಟಿಲ್ಲ. ನಿನ್ನನ್ನು ಬೈಯುವುದಕ್ಕೆ ನನಗೇನೂ ಯೋಗ್ಯತೆ ಇಲ್ಲ. ಆದರೂ ಬೈಯುತ್ತಿದ್ದೇನೆ.

ಡನ್‌ಸ್ಟನ್ ಮುನಾನ್


ಮೆರ್ಬಾವ್
೯ ಮಾರ್ಚ್ ೧೯೯೮

ಡನ್‌ಸ್ಟನ್,

ನಿನ್ನ ಕಾಗದಕ್ಕೆ ಸಿಟ್ಟಿನಿಂದ ಉತ್ತರ ಬರೆದಿಟ್ಟಿದ್ದೆ. ಅದನ್ನು ಹರಿದು ಇದನ್ನು ಬರೆಯುತ್ತಿದ್ದೇನೆ. ಕೂತುಕೊಂಡು ಓದು.

ಫಾದರ್ ಹೋಲ್‌ರಾಯ್ಡ್ ಹೆಡ್ಮಾಸ್ತರರಾಗಿದ್ದಾಗ ದಿನಚರಿ ಪುಸ್ತಕ ಇಡುತ್ತಿದ್ದರು. ಚರ್ಚಿನ ಉಗ್ರಾಣದಲ್ಲಿ ಗೆದ್ದಲು ಹತ್ತಿದ ಪೆಟ್ಟಿಗೆಯಲ್ಲಿ ಅದು ಸಿಕ್ಕಿತು. ೧೯೫೮ರದ್ದೇ.

ನಮಗೆ ಆವತ್ತು ಹೇಳಿದ್ದು ನಿನಗೆ ನೆನಪಿದೆ. ಹುಡುಗ ಗುರುವಾರ ಬೆಳಿಗ್ಗೆ ಮೇಲ್ಹೊಳೆಯ ಲಾಂಚು ಹತ್ತಿ ಓಡಿಹೋದ, ದಾರಿಯಲ್ಲಿ ಎಲ್ಲೋ ಇಳಿದುಕೊಂಡ ಅಂತ. ಅವನು ಮಂಗಳವಾರ ಸಂಜೆಯಿಂದಲೇ ಇಲ್ಲವೆಂಬುದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ಬುಧವಾರದ ಪಾಠಕ್ಕೆ ಅವನಿಗೆ ಜ್ವರವೆಂದು ನಾನೇ ಹೇಳಿಕಳುಹಿಸಿದ್ದೆ. ಎರಡು ದಿನ ಹೆಚ್ಚುಕಮ್ಮಿಯಾದರೆ ಏನು ಮಹಾ, ಹೋದದ್ದಂತೂ ಊರಿಗೇ ತಾನೆ ಎಂದುಕೊಂಡು ನಾನು ಇಷ್ಟು ವರ್ಷ ನಿದ್ದೆ ಮಾಡಿದೆ.

ಬುಧವಾರ, ಆಗಸ್ಟ್ ಆರನೇ ತಾರೀಖಿನ ಪುಟವನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ:

‘ಮಧ್ಯಾಹ್ನ ಮಲಾಯಿ ಬೆಸ್ತನೊಬ್ಬ ನಮ್ಮ ಚಿಕ್ಕ ದೋಣಿಯನ್ನು ಎಳೆದುತಂದ. ಬೆಳಗಿನ ಜಾವ ಅಳಿವೆಯ ಬಾಯಲ್ಲಿ ಬೋರಲಾಗಿ ತೇಲುತ್ತಿತ್ತಂತೆ. ಕಾಂಡ್ಲ ಕಾಡಿನೊಳಗಿಂದ ಯಾರೋ ಹುಡುಗ ಕೂಗಿದಂತೆ ಕೇಳಿಸಿತು, ನೀರು ಇಳಿದಿದ್ದರಿಂದ ಒಳಗೆ ಹೋಗಲಾಗಲಿಲ್ಲ ಎಂದ. ರಿಜಿಸ್ಟರಿನ ಪ್ರಕಾರ ನಿನ್ನೆ ರಾತ್ರಿ ಎಲ್ಲರೂ ಹಾಜರು. ಆದರೂ ಅನುಮಾನಕ್ಕೆ ಎಡೆಯಿರಬಾರದೆಂದು ಇಂದು ಸಂಜೆ ಜಗಲಿಯಲ್ಲಿ ನಾನೇ ನಿಂತು ಹಾಜರಿ ಹಾಕಿಸಿದೆ. ಎಲ್ಲರೂ ಇದ್ದಾರೆಂದು ಲ್ಯೂ ತಿಳಿಸಿದ. ಬೆಸ್ತನಿಗೆ ಚಹ ಕೊಟ್ಟು ಕಳುಹಿಸಿದೆ. ಕೋತಿಗಳಿರಬೇಕು.’

ಅಷ್ಟೇ. ಮರುದಿನದ ಪುಟದಲ್ಲಿ ಹುಡುಗ ಕಾಣೆ ಎಂದಿದೆ, ಲಾಂಚಿನ ಊಹೆ ಇದೆ. ದೋಣಿಯ ಮಾತು ಮತ್ತೆ ಬರುವುದಿಲ್ಲ.

ಅವನು ಸಮುದ್ರದಿಂದ ಹೊಳೆಯೊಳಗೆ ಏರುವ ಭರತದ ನೀರು ಹಿಡಿದು ದೋಣಿಯಲ್ಲಿ ಊರಿಗೆ ಹೊರಟಿದ್ದಾನೆ. ಮಧ್ಯರಾತ್ರಿಗೆ ಇಳಿತ ಶುರುವಾಗಿ ಸಮುದ್ರದ ಕಡೆಗೆ ಎಳೆದುಕೊಂಡು ಹೋಗಿದೆ. ಬುಧವಾರ ಅವನು ಬದುಕಿದ್ದ, ಡನ್‌ಸ್ಟನ್. ಆ ಸಂಜೆ ಹೋಲ್‌ರಾಯ್ಡ್ ಯಾಕೆ ಬಂದು ನಿಂತರೆಂದು ನನಗೆ ಗೊತ್ತಿರಲಿಲ್ಲ, ಅವರು ಹೇಳಲಿಲ್ಲ. "ಎಲ್ಲರೂ ಇದ್ದಾರೇನಯ್ಯ?" ಎಂದು ಕೇಳಿದರು. "ಎಲ್ಲರೂ ಇದ್ದಾರೆ, ಫಾದರ್" ಅಂದೆ.

ಯಾರಿಗೂ ತೋರಿಸಿಲ್ಲ. ನಿನಗೇ ಮೊದಲು.

ವಿಕ್ಟರ್


ನಂಗಾ ಸೆಲಾವ್
೩೦ ಮಾರ್ಚ್ ೧೯೯೮

ವಿಕ್ಟರ್,

ಮೂರು ವಾರ ಪೆನ್ನು ಹಿಡಿಯಲಾಗಲಿಲ್ಲ. ಹೆಂಡತಿ ಏನಾಯಿತೆಂದು ಕೇಳಿದಳು, ಹೊಟ್ಟೆನೋವು ಎಂದೆ.

ಅವರು ಮೇಲ್ಹೊಳೆಯಲ್ಲೆಲ್ಲ ಹುಡುಕಿದರು, ನಿನಗೆ ಗೊತ್ತಾ? ಅವನ ಅಪ್ಪ ಒಂದೊಂದು ಉಪನದಿಗೂ ಹೋಗಿ, ಒಂದೊಂದು ಉದ್ದಮನೆಯ ಏಣಿ ಹತ್ತಿ, "ಹೀಗಿರೋ ಹುಡುಗ ಲಾಂಚಿಂದ ಇಳಿದನಾ?" ಎಂದು ಕೇಳುತ್ತ ನಾಲ್ಕು ವರ್ಷ ಅಲೆದ. ಅಲೆಯುತ್ತಲೇ ಸತ್ತ. ಸಮುದ್ರದ ಕಡೆಗೆ ಒಬ್ಬನೂ ತಲೆ ಹಾಕಲಿಲ್ಲ. ಶಾಲೆಯ ರಿಜಿಸ್ಟರು ಗುರುವಾರ ಎಂದ ಮೇಲೆ ಗುರುವಾರವೇ.

ತಾಯಿ ಸೂತಕ ಹಿಡಿಯಲೇ ಇಲ್ಲ. ಸತ್ತಿದ್ದಾನೆ ಎಂದು ಯಾರೂ ಹೇಳಿಲ್ಲವಲ್ಲ! ನಲವತ್ತು ವರ್ಷದಿಂದ ಹೊಸ ಅಕ್ಕಿಯ ಮೊದಲ ಹಿಡಿ ಅವನ ಪಾಲಿಗೆ ತೆಗೆದಿಡುತ್ತಾಳೆ. ಹನ್ನೆರಡು ವರ್ಷದ ಹುಡುಗನ ಅಂಗಿಯನ್ನು ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ ಮಡಿಸಿಡುತ್ತಾಳೆ. "ಈಗ ಅವನಿಗೆ ಇದು ಆಗಲ್ಲ ಕಣೇ ಇಂದಾಯ್" ಎಂದು ನಾನೇ ಒಮ್ಮೆ ತಮಾಷೆ ಮಾಡಿದ್ದೆ. "ಅವನ ಮಗನಿಗೆ ಆಗುತ್ತೆ ಬಿಡಪ್ಪ" ಅಂದಿದ್ದಳು.

ಅವಳಿಗೆ ಎಪ್ಪತ್ತೈದು, ಹೃದಯ ಸರಿಯಿಲ್ಲ. ಇನ್ನೊಂದು ಸುಗ್ಗಿ ನೋಡಿದರೆ ದೊಡ್ಡದು. ಅವಳು ಸಾಯುವ ಮುಂಚೆ ಮಗನಿಗಾಗಿ ಅತ್ತು ಮುಗಿಸಬೇಕು. ಇಬ್ಬರೂ ಹೋಗಿ ಹೇಳೋಣ. ಆಮೇಲೆ ನೀನು ಆ ಪುಟವನ್ನು ಇದ್ದ ಹಾಗೆಯೇ ಪುಸ್ತಕದಲ್ಲಿ ಹಾಕು. ಬೇರೇನೂ ಕೇಳುವುದಿಲ್ಲ.

ಡನ್‌ಸ್ಟನ್


ಮೆರ್ಬಾವ್
೧೮ ಏಪ್ರಿಲ್ ೧೯೯೮

ಪ್ರಿಯ ಡನ್‌ಸ್ಟನ್,

ಹೇಳಬೇಕು, ಒಪ್ಪುತ್ತೇನೆ. ಆದರೆ ಆಗಸ್ಟ್ ಕಳೆಯಲಿ. ಬಿಷಪ್ಪರು ಬರುತ್ತಾರೆ, ಗವರ್ನರು ಬರುತ್ತಾರೆ, ಇಂಗ್ಲೆಂಡಿನಿಂದ ಹೋಲ್‌ರಾಯ್ಡರ ಮಗಳು ಬರುತ್ತಾಳೆ. ಹೊಸ ಹಾಸ್ಟೆಲಿಗೆ ಅವಳ ಅಪ್ಪನ ಹೆಸರು. ನಲವತ್ತು ವರ್ಷ ಕಾದವರಿಗೆ ನಾಲ್ಕು ತಿಂಗಳು ಹೆಚ್ಚಲ್ಲ.

ಇನ್ನೊಂದು ಮಾತು. ಆ ಊಟದ ದಿನ ನಿನ್ನನ್ನು ಹೊರಗೆ ಹಾಕುವಾಗ ನೀನು ಬಾಗಿಲಲ್ಲಿ ಕೂಗಿದ್ದೆ, "ನೀನು ಅವನ ಮೇಲಿನ ಕನಿಕರಕ್ಕೆ ಮಾಡಿದೆ, ನಾನೂ ಕನಿಕರಕ್ಕೆ ಮಾಡಿದೆ, ಅದನ್ನಾದರೂ ಹೇಳೋಣ" ಅಂತ. ಹೊಸದಾಗಿ ಬಂದ ಹುಡುಗರು ಮನೆ ನೆನಪಾಗಿ ಹೊಳೆಯ ದೋಣಿಕಟ್ಟೆಯ ಮೇಲೆ ಹೋಗಿ ಕೂತುಬಿಡುವುದು, ಉಳಿದವರು ಅವರ ಪರವಾಗಿ ಅಡ್ಸುಮ್ ಎನ್ನುವುದು, ಅವರು ಬೆತ್ತದೇಟಿನಿಂದ ಪಾರಾಗುವುದು, ಇದೆಲ್ಲ ಅಲ್ಲಿ ಮೊದಲಿಂದ ಇದ್ದದ್ದೇ. ನೀನು ಹಾಗೆ ಮಾಡಿದೆ.

ನಾನು ಹಾಗೆ ಮಾಡಲಿಲ್ಲ. ಇಡೀ ಅವಧಿಯಲ್ಲಿ ಒಂದೂ ಗೈರುಹಾಜರಿ ಇಲ್ಲದ ಕೊಠಡಿಗೆ ಬೆಳ್ಳಿಯ ಶೀಲ್ಡ್ ಸಿಗುತ್ತಿತ್ತು. ಮುಗಿಯಲು ಒಂಬತ್ತು ದಿನ ಉಳಿದಿತ್ತು. ನಾನು ಕೊಠಡಿಯ ನಾಯಕ. ಗುರುವಾರ ರಾತ್ರಿ ಮುಚ್ಚಿಡಲಾಗದೆ ಹೇಳಬೇಕಾಯಿತು, ಆದರೂ ಓಡಿಹೋದವನನ್ನು ಗೈರುಹಾಜರಿಯೆಂದು ಲೆಕ್ಕಕ್ಕೆ ಹಿಡಿಯಲಿಲ್ಲ, ಶೀಲ್ಡ್ ನಮಗೇ ಬಂತು. ಆ ಶೀಲ್ಡ್ ಹಿಡಿದ ನನ್ನ ಚಿತ್ರ ಈ ಪುಸ್ತಕದಲ್ಲಿದೆ. ಈ ಮಾತನ್ನು ನನ್ನ ಹೆಂಡತಿಗೂ ಹೇಳಿಲ್ಲ.

ವಿಕ್ಟರ್


ನಂಗಾ ಸೆಲಾವ್
೨೪ ಮೇ ೧೯೯೮

ವಿಕ್ಟರ್,

ನಿನ್ನ ಆಗಸ್ಟ್‌ಗೆ ನಾನು ಕಾಯಲಿಲ್ಲ. ಶೀಲ್ಡಿನ ವಿಷಯ ಓದಿದ ಮೇಲೆ ಒಂದು ವಾರ ನಿನ್ನನ್ನು ಕೊಲ್ಲಬೇಕೆನ್ನಿಸಿತು, ಆಮೇಲೆ ಅದೂ ಹೋಯಿತು. ಕನಿಕರದ ಅಡ್ಸುಮ್ಮೂ ಶೀಲ್ಡಿನ ಅಡ್ಸುಮ್ಮೂ ಆ ಪಾದ್ರಿಯ ಕಿವಿಗೆ ಒಂದೇ. ಕಳೆದ ಭಾನುವಾರ ದೋಣಿ ಮಾಡಿಕೊಂಡು ಹೋದೆ.

ಸುಗ್ಗಿಯ ಹಬ್ಬಕ್ಕೆ ಎರಡೇ ವಾರ. ಉದ್ದಮನೆಯ ಪಡಸಾಲೆಯಲ್ಲಿ ಹೆಂಗಸರು ಅಕ್ಕಿ ಹೆಂಡಕ್ಕೆ ಅನ್ನ ಹರವುತ್ತಿದ್ದರು. ಇಂದಾಯ್ ಲಾಂತಿಂಗ್ ನನ್ನನ್ನು ಕಂಡು, "ಬಾರಪ್ಪ ಡಾಕ್ಟ್ರೇ, ಗುಳಿಗೆ ತಂದ್ಯಾ, ಇಲ್ಲಾ ಹೆಂಡದ ವಾಸನೆ ಹಿಡ್ಕೊಂಡು ಬಂದ್ಯಾ?" ಎಂದು ನಕ್ಕಳು. ಮಗಳು ಸೆಂದಿ ಚಾಪೆ ಹಾಸಿದಳು. ನಾನು ಎಲ್ಲರ ಎದುರಿಗೇ ಹೇಳಿದೆ. ಮಂಗಳವಾರ, ಬುಧವಾರ, ದೋಣಿ, ಕಾಂಡ್ಲ ಕಾಡು, ಕೂಗು, ಎಲ್ಲ. ನನ್ನ ಹೆಸರು ಹೇಳಿದೆ, ನಿನ್ನ ಹೆಸರು ಹೇಳಿದೆ.

ಹೊಡೆಯುತ್ತಾರೇನೋ ಎಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು. ಮುದುಕಿ ಕೇಳಿದಳು.

"ಅದೇನೋ ಅಂದ್ಯಲ್ಲ, ಆ ಪಾದ್ರಿ ಭಾಷೆ ಮಾತು. ಹಂಗಂದ್ರೇನು?"

"ಇದ್ದೀನಿ ಅಂತ, ಇಂದಾಯ್."

"ಇದ್ದೀನಿ ಅಂತ." ಅವಳು ತಲೆಯಾಡಿಸಿದಳು. "ನನ್ ಮಗನ ದನೀಲಿ ಹೇಳ್ದೆ ಅಂದೆ. ಎಲ್ಲಿ, ಹೇಳು ನೋಡಾಣ."

"ಬೇಡ ಕಣೇ ಇಂದಾಯ್."

"ನಲ್ವತ್ತು ವರ್ಷ ಆಯ್ತು ಅವನ ದನಿ ಕೇಳಿ. ಹೇಳೋ."

ಬೀಡಿ ಸೇದಿ ಸೇದಿ ಒಡೆದ ಈ ಗಂಟಲಿನಿಂದ ಹೇಳಿದೆ, ವಿಕ್ಟರ್. ಐವತ್ತನಾಲ್ಕು ವರ್ಷದ ಮುದಿಗೂಬೆ, ಮಕ್ಕಳೆಲ್ಲ ನೋಡುತ್ತಿರುವಾಗ, ಸಣ್ಣ ದನಿ ಮಾಡಿ ಹೇಳಿದೆ. ಅವಳು ಕಣ್ಣು ಮುಚ್ಚಿ ಕೇಳಿಸಿಕೊಂಡಳು.

"ಹಿಂಗಿರ್ಲಿಲ್ಲ," ಅಂದಳು. "ಅವನ ದನಿ ಇಷ್ಟು ಸಣ್ಣದಿರ್ಲಿಲ್ಲ. ಅವರಪ್ಪಂದೇ ದನಿ, ದಪ್ಪ. ಆ ಪಾದ್ರಿ ಒಂದ್ಸಲ ಕಿವಿಗೊಟ್ಟು ಕೇಳಿದ್ರೆ ಗೊತ್ತಾಗ್ತಿತ್ತು."

ಆಮೇಲೆ ಅತ್ತಳು. ಅದನ್ನು ಬರೆಯುವುದಿಲ್ಲ.

ಅಂದೇ ಸಂಜೆ ಸೂತಕ ಹಿಡಿದರು. ಹುಡುಗನ ಅಂಗಿ, ಅವನು ಹೆಣೆದ ಮೀನಿನ ಬುಟ್ಟಿ, ಎರಡನ್ನೂ ಬಟ್ಟೆಯಲ್ಲಿ ಗಂಟು ಕಟ್ಟಿ ದಾರ ಬಿಗಿದು ತೂಗುಹಾಕಿದ್ದಾರೆ. ಆ ದಾರ ಕತ್ತರಿಸುವವರೆಗೆ ಉದ್ದಮನೆಯಲ್ಲಿ ಜಾಗಟೆ ಬಾರಿಸುವಂತಿಲ್ಲ, ಬಣ್ಣದ ಬಟ್ಟೆ ಉಡುವಂತಿಲ್ಲ. ಈ ವರ್ಷ ಅವರಿಗೆ ಹಬ್ಬವೇ ಇಲ್ಲ. ಇಪ್ಪತ್ತೆರಡು ಮನೆಯವರು ಹರವಿದ ಅನ್ನವನ್ನು ಹಂದಿಗೆ ಹಾಕಿದರು, ಒಬ್ಬರೂ ಗೊಣಗಲಿಲ್ಲ.

ದಾರ ಕತ್ತರಿಸುವವನು ಪದ್ಧತಿಯ ಪ್ರಕಾರ ಹೆಸರಾಂತ ಗಂಡಸಾಗಬೇಕು. ಅವಳು ಹಿರಿಯರಿಗೆ ಹೇಳಿದಳು, "ಹೆಸರು ಕೂಗಿದೋನು ಬರ್ಲಿ. ಇಲ್ಲಿ ಕೂತು, ನಾನೇ ಕೂಗ್ದೆ ಅಂತ ತನ್ನ ಬಾಯಿಂದ ಹೇಳ್ಲಿ. ಹೇಳಿ, ಅವನೇ ಕತ್ತರಿಸ್ಲಿ."

"ಅವನು ಬರದಿದ್ರೆ?" ಎಂದು ಮುಖ್ಯಸ್ಥ ಕೇಳಿದ.

"ಕಾಯ್ತೀನಿ. ಕಾಯೋದೇನು ನಂಗೆ ಹೊಸದಾ?"

ಬಾ, ವಿಕ್ಟರ್. ಶನಿವಾರದ ಲಾಂಚಿಗೆ ಬಾ, ಕಟ್ಟೆಯಲ್ಲಿ ನಾನಿರುತ್ತೇನೆ. ಅವಳು ನಿನ್ನನ್ನು ಏನೂ ಮಾಡುವುದಿಲ್ಲ.

ಡನ್‌ಸ್ಟನ್


ಮೆರ್ಬಾವ್
೨ ಜುಲೈ ೧೯೯೮

ಪ್ರಿಯ ಡನ್‌ಸ್ಟನ್,

ತಡವಾದದ್ದಕ್ಕೆ ಕ್ಷಮಿಸು. ನನಗೆ ಹೇಳದೆ ಹೋದದ್ದು ಸರಿಯಲ್ಲ ಎಂದು ಬರೆಯಹೊರಟೆ, ಆದರೆ ಹಾಗೆ ಹೇಳಲು ನನಗೆ ಮುಖವಿಲ್ಲ.

ದಿನಚರಿಯ ಪುಟವನ್ನು ಸಮಿತಿಯ ಮುಂದಿಟ್ಟೆ. ಅಧ್ಯಕ್ಷರು ಎರಡು ಸಲ ಓದಿ, "ಲ್ಯೂ ಸರ್, ನೀವು ಆಗ ಹುಡುಗ. ಸತ್ತುಹೋದ ಫಾದರ್ ತಲೆಗೆ ಇದನ್ನ ಯಾಕೆ ಕಟ್ತೀರಿ?" ಎಂದರು. ಅವರ ತಲೆಗಲ್ಲ, ನನ್ನ ತಲೆಗೆ ಎನ್ನಬೇಕಿತ್ತು. ಎನ್ನಲಿಲ್ಲ. ಅವರು ಚಹ ತರಿಸಿದರು, ಕುಡಿದೆ.

ಈ ತಿಂಗಳು ಅಚ್ಚಿನ ತಿದ್ದುಪಡಿ, ಮುಂದಿನ ತಿಂಗಳು ಸಮಾರಂಭ. ಇದರ ನಡುವೆ ಎರಡು ದಿನದ ಹೊಳೆ ಪ್ರಯಾಣ ಆಗುವುದಿಲ್ಲ. ನೆಪ ಹೇಳುತ್ತಿದ್ದಾನೆ ಎನ್ನುತ್ತೀಯ. ಎನ್ನು. ಸಮಾರಂಭ ಮುಗಿದ ಮರುವಾರವೇ ಬರುತ್ತೇನೆ, ಆಣೆ. ಲಾಂತಿಂಗನ ಅಮ್ಮನಿಗೆ ಹೇಳು.

ವಿಕ್ಟರ್


ಮೆರ್ಬಾವ್
೩ ಸೆಪ್ಟೆಂಬರ್ ೧೯೯೮

ಪ್ರಿಯ ಡನ್‌ಸ್ಟನ್,

ಜುಲೈನಿಂದ ನಿನ್ನ ಒಂದು ಸಾಲೂ ಇಲ್ಲ. ನಾನು ಅದಕ್ಕೆ ಯೋಗ್ಯ.

ಸಮಾರಂಭ ಚೆನ್ನಾಗಿ ನಡೆಯಿತು. ಹೋಲ್‌ರಾಯ್ಡರ ಮಗಳು ಹಾಸ್ಟೆಲಿನ ಬಾಗಿಲಲ್ಲಿ ಅತ್ತಳು. ಸಂಜೆ ಹುಡುಗರನ್ನು ಹಳೆಯ ಜಗಲಿಯಲ್ಲಿ ನಿಲ್ಲಿಸಿ ಹಳೆಯ ಪದ್ಧತಿಯಂತೆ ಹಾಜರಿ ಕೂಗಿಸಿದರು, ಅತಿಥಿಗಳಿಗೆ ಸಂತೋಷವಾಗಲೆಂದು. ನಾನು ಕಕ್ಕಸಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ಪುಸ್ತಕ ಇದರ ಜೊತೆಗಿದೆ. ಎಂಬತ್ತೆಂಟನೇ ಪುಟ ನೋಡಿದರೆ ನಿನಗೆ ಸಿಟ್ಟು ಬರುತ್ತದೆ. ಒಂದೇ ಸಾಲು, ಅದನ್ನೂ ತೆಗೆಸಬೇಕೆಂದಿದ್ದೆ. ಇಡೀ ವಿಷಯ ಹಾಕಲು ಬಿಡುವುದಿಲ್ಲವೆಂದ ಮೇಲೆ ಹುಡುಗನ ಹೆಸರಾದರೂ ಉಳಿಯಲಿ ಎಂದು ಬಿಟ್ಟೆ. ಪುಸ್ತಕವೇನು, ಕಾಗದ. ನಾನೇ ಬಂದು ಬಾಯಲ್ಲಿ ಹೇಳುತ್ತೇನಲ್ಲ, ಅದು ದೊಡ್ಡದು.

ಟಿಕೆಟ್ ತೆಗೆಸಿದ್ದೇನೆ. ಸೆಪ್ಟೆಂಬರ್ ಹತ್ತೊಂಬತ್ತು, ಶನಿವಾರ. ಅಮ್ಮನಿಗೆ ಒಂದು ಉಣ್ಣೆಯ ಶಾಲು ಕೊಂಡಿದ್ದೇನೆ. ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು, "ಹೋಗಿ ಬನ್ನಿ, ಅಲ್ಲೀವರೆಗೆ ನನ್ನ ಹತ್ರ ಮಾತಾಡ್ಬೇಡಿ" ಎಂದಿದ್ದಾಳೆ.

ನಿನ್ನ,
ವಿಕ್ಟರ್


ನಂಗಾ ಸೆಲಾವ್
೧೪ ಸೆಪ್ಟೆಂಬರ್ ೧೯೯೮

ವಿಕ್ಟರ್,

ಇದನ್ನು ಇವತ್ತಿನ ಲಾಂಚಿನ ಚಾಲಕನ ಕೈಯಲ್ಲೇ ಕಳುಹಿಸುತ್ತಿದ್ದೇನೆ, ಶನಿವಾರದೊಳಗೆ ನಿನಗೆ ಮುಟ್ಟಬೇಕು.

ಪುಸ್ತಕ ಬಂದ ದಿನ ನಾನು ಉದ್ದಮನೆಯಲ್ಲೇ ಇದ್ದೆ. ಈಗೀಗ ಅಲ್ಲೇ ಹೆಚ್ಚು. ಅವಳ ಕಟ್ಟಿಗೆ ಒಡೆಯುತ್ತೇನೆ, ನೀರು ಹೊರುತ್ತೇನೆ. ಕ್ಷಮಿಸಿದೆ ಎಂದು ಅವಳು ಹೇಳಿಲ್ಲ, ಕಟ್ಟಿಗೆ ಒಡಿ ಎಂದು ಮಾತ್ರ ಹೇಳುತ್ತಾಳೆ. ಬಜಾರಿನ ಅಂಚೆಯವನು ಪೊಟ್ಟಣವನ್ನು ಅಲ್ಲಿಗೇ ಕಳುಹಿಸಿದ್ದ.

"ಮೇಷ್ಟ್ರು ಕಳ್ಸಿದ್ದಾ?" ಎಂದು ಕೇಳಿದಳು. ಹೌದೆಂದೆ. "ನನ್ ಮಗನ ವಿಷಯ ಐತಾ?" ಅಂದಳು. ಇಲ್ಲ ಎನ್ನಬಹುದಿತ್ತು, ಅವಳಿಗೆ ಓದು ಬಾರದು. ಆದರೆ ಅವಳ ಮುಂದೆ ಇನ್ನೊಂದು ಸುಳ್ಳು ನನ್ನಿಂದಾಗಲಿಲ್ಲ. ಎಂಬತ್ತೆಂಟನೇ ಪುಟ ಓದಿದೆ. ‘೧೯೫೮: ಹೊಸ ವಿದ್ಯಾರ್ಥಿ ಲಾಂತಿಂಗ್, ಆಗಸ್ಟ್ ಏಳರ ಗುರುವಾರ ಶಾಲೆ ಬಿಟ್ಟು ಊರಿಗೆ ತೆರಳಿದನು.’ ಅದರ ಮೇಲೆ ನೀನು, ಶೀಲ್ಡು.

"ಗುರುವಾರ ಅಂತಾನೇ ಹಾಕವ್ರಾ?"

"ಹೂಂ, ಇಂದಾಯ್."

"ಗೊತ್ತಿದ್ದೂ?"

"ಗೊತ್ತಿದ್ದೂ."

ಅವಳು ಗೋಡೆ ಹಿಡಿದು ಎದ್ದು ಒಳಗೆ ಹೋಗಿ ಕತ್ತಿ ತಂದಳು. ಹಿರಿಯರು ಓಡಿಬಂದರು. "ಹೆಂಗಸು ಕೈ ಹಾಕ್ಬಾರ್ದು, ಇಂದಾಯ್. ಕೇಡು," ಎಂದ ಮುಖ್ಯಸ್ಥ.

"ಹೆರೋವಾಗ ಯಾವ ಗಂಡಸು ಕೈ ಹಾಕಿದ್ದ?" ಅಂದಳು. ದಾರ ಕತ್ತರಿಸಿದಳು. ಅಂಗಿ, ಬುಟ್ಟಿ ಎರಡನ್ನೂ ಮಡಿಲಲ್ಲಿಟ್ಟುಕೊಂಡು, ಮಗುವನ್ನು ತಟ್ಟುವ ಹಾಗೆ ಕತ್ತಲಾಗುವವರೆಗೂ ತಟ್ಟುತ್ತ ಕೂತಳು. ಮರುದಿನ ಅವನ್ನು ಅವನ ಅಪ್ಪನ ಗೋರಿಯ ಪಕ್ಕ ಇಟ್ಟು ಬಂದೆವು. ಜಾಗಟೆ ಬಾರಿಸಿದರು. ಅವಳು ತಾನೇ ನೇಯ್ದ ಹಳೆಯ ಕೆಂಪು ಬಟ್ಟೆ ಉಟ್ಟಿದ್ದಳು, ಸೆಂದಿ ಹುಟ್ಟುವ ಮುಂಚಿನದು.

ನಿನ್ನ ಕಾಗದವನ್ನೂ ಓದಿ ಹೇಳಿದೆ. ಟಿಕೆಟ್ಟು, ಶಾಲು, ಎಲ್ಲ. ಶನಿವಾರ ಬರುತ್ತಾನಂತೆ ಎಂದೆ. ಅವಳು ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ. ಹೇಳಿದ್ದನ್ನು ಒಂದಕ್ಷರ ಬದಲಿಸದೆ ಬರೆ ಎಂದಿದ್ದಾಳೆ, ಬರೆಯುತ್ತಿದ್ದೇನೆ:

"ಬರೋದು ಬೇಡ ಅಂತ ಬರಿ. ಮನೆಗೆ ಬಂದೋರಿಗೆ ಅನ್ನ ಹಾಕ್ದೆ ಕಳ್ಸೋ ಹಂಗಿಲ್ಲ, ಅದು ನಮ್ಮ ಪದ್ಧತಿ. ಅವನಿಗೆ ಅನ್ನ ಹಾಕೋಕೆ ನನ್ ಕೈಲಿ ಆಗಲ್ಲ."

ಡನ್‌ಸ್ಟನ್